ಹೊಸ್ತಿಲೊಳಗಿನ ದನಿ

ನಮ್ಮೂರಿನ ಹೆಂಡದಂಗಡಿಗೆ ಬಾಗಿಲಿಲ್ಲ, ಹೊಸ್ತಿಲು ಮಾತ್ರ ಇದೆ. ಆ ಹೊಸ್ತಿಲಿಗೆ ಒತ್ತಿಕೊಂಡಂತೆ ಹೊರಗಡೆ ನನ್ನ ಒಲೆ. ಒಣಸೀಗಡಿ, ಕಡಲೆಕಾಳು, ಬೇಯಿಸಿದ ಮೊಟ್ಟೆ, ಯಾರಾದರೂ ಕುರಿ ಕೊಯ್ದ ದಿನ ಬೋಟಿ, ಇಷ್ಟು ನನ್ನ ವ್ಯಾಪಾರ. ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ನಮ್ಮತ್ತೆ ನನ್ನ ಕೈಗೆ ಬಾಣಲೆ ಕೊಟ್ಟು ಇಲ್ಲಿ ಕೂರಿಸಿದರು. ಅವರೂ ಹೋದರು, ನನ್ನ ಗಂಡನೂ ಹೋದ, ನಾನು ಮಾತ್ರ ಕೂತ ಜಾಗ ಬಿಟ್ಟಿಲ್ಲ. ಹೀಗೆ ಕೂತೂ ಕೂತೂ ನನ್ನ ಎಡಗಿವಿ ಅಂಗಡಿಯ ಒಳಗಿನದಾಗಿದೆ, ಬಲಗಿವಿ ಬೀದಿಯದು. ಈ ಅಂಗಡಿಯ ಯಜಮಾನರನ್ನು ಎರಡು ಕಿವಿಯಿಂದಲೂ ಕೇಳಿದವಳು ಊರಿನಲ್ಲಿ ನಾನೊಬ್ಬಳೇ. ಬೇರೆಯವರು ಈ ಕಥೆ ಹೇಳಿದರೆ ಅರ್ಧ ಹೇಳುತ್ತಾರೆ, ಉಳಿದರ್ಧಕ್ಕೆ ತಮ್ಮ ಕಡೆಯಿಂದ ಉಪ್ಪುಖಾರ ಹಾಕುತ್ತಾರೆ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ಅಂಗಡಿಯೊಳಗೆ ಒಂದು ಕರಿಕಲ್ಲಿನ ಮಣೆ ಇದೆ. ಅದರ ಮೇಲೆ ಕೂತು ಹೆಂಡ ಅಳೆದು ಕೊಡುವವನೇ ಯಜಮಾನ. ಯಜಮಾನನಾದವನು ಹೊಸ್ತಿಲ ಒಳಗಿರುವಷ್ಟು ಹೊತ್ತೂ ಅವನ ಬಾಯಿಂದ ಬರುವುದು ಅವನ ದನಿಯಲ್ಲ, ಅವನಿಗಿಂತ ಹಿಂದೆ ಆ ಮಣೆಯ ಮೇಲೆ ಕೂತಿದ್ದವನ ದನಿ. ಮಾತು ಅವನದೇ, ಬುದ್ಧಿ ಅವನದೇ, ಬೈಗುಳವೂ ಅವನದೇ. ದನಿ ಮಾತ್ರ ಹಿಂದಿನವನದು. ಹೊಸ್ತಿಲು ದಾಟಿ ಬೀದಿಗೆ ಕಾಲಿಟ್ಟರೆ ತನ್ನ ದನಿ ತನಗೆ ವಾಪಸು ಬರುತ್ತದೆ. ಹೀಗೇಕೆ ಅಂತ ಕೇಳಬೇಡಿ. ಈಚಲು ಮರದಲ್ಲಿ ಹೆಂಡ ಯಾಕೆ ಬರುತ್ತದೆ ಅಂತ ನಾವು ಕೇಳುವುದಿಲ್ಲ, ಇದನ್ನೂ ಕೇಳಿಲ್ಲ.

ಮೊದಲ ಯಜಮಾನ ಎಲ್ಲಯ್ಯ. ನಾನು ನೋಡಿದವಳಲ್ಲ, ಅತ್ತೆ ಹೇಳಿದ್ದು. ಊರಿನ ಪಡುವಲಿಗೆ ಪೂರಾ ಸೌಳು ನೆಲ, ಅಲ್ಲಿ ಈಚಲು ಬಿಟ್ಟರೆ ಇನ್ನೇನೂ ಏಳುವುದಿಲ್ಲ. ಬೇರೆಯವರು ಅಂಥ ನೆಲ ನೋಡಿ ಹಣೆ ಚಚ್ಚಿಕೊಂಡರೆ ಎಲ್ಲಯ್ಯ ನಾಲ್ಕು ಮಣ್ಣಿನ ಗೋಡೆ ಎಬ್ಬಿಸಿ, ಹಳ್ಳದಿಂದ ಒಂದು ಕಲ್ಲು ಉರುಳಿಸಿ ತಂದು ಅದರ ಮೇಲೆ ಕೂತನಂತೆ. ಬಹಳ ಮೆತ್ತನೆಯ ದನಿಯವನು. ಅವನು ತೀರಿಕೊಂಡ ಮೇಲೆ ಅಳಿಯ ಬೈರಪ್ಪ ಕೂತ. ಬೈರಪ್ಪನದು ಹೋರಿ ಗುಟುರು ಹಾಕಿದಂಥ ಗಂಟಲು. ಮೊದಲ ಗಿರಾಕಿಗೆ “ಏನ್ ಬೇಕ್ಲಾ” ಅಂತ ಗದರಿಸಿದ್ದಾನೆ. ಬಂದದ್ದು ಮಾವನ ಮೆತ್ತನೆಯ ದನಿ, ಹಸುಗೂಸನ್ನು ಮಲಗಿಸುವ ಹಾಗೆ. ಆ ಗಿರಾಕಿ ಲೋಟ ಅಲ್ಲೇ ಬಿಟ್ಟು ಮನೆಗೆ ಓಡಿದ. ಮಾರನೆಯ ದಿನ ಊರಿಗೆ ಊರೇ ಬಂತು. ಕೆಲವು ದಿನ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು, ಆಮೇಲೆ ಲೋಟ ಹಿಡಿಯುವುದಕ್ಕೆ ಆ ಕೈ ಬೇಕಾಯಿತು.

ಬೈರಪ್ಪನ ನಂತರ ಅವನ ತಂಗಿ ರಂಗಜ್ಜಿ. ಕಡ್ಡಿಯಂಥ ಮುದುಕಿ, ಬಾಯಿ ತೆರೆದರೆ ಅಣ್ಣನ ಹೋರಿ ದನಿ. ಅವಳ ಕಾಲದಲ್ಲಿ ಅಂಗಡಿಯೊಳಗೆ ಒಂದೇ ಒಂದು ಜಗಳ ಆಗಲಿಲ್ಲ. ಮಂಡಿನೋವು ಜಾಸ್ತಿಯಾಗಿ ಬದುಕಿರುವಾಗಲೇ ಮಣೆ ಬಿಟ್ಟುಕೊಟ್ಟಳು, ಪೈಲ್ವಾನ್ ಚಿಕ್ಕಣ್ಣ ಕೂತ. ಅಲ್ಲಿಂದ ಮುಂದಿನದೆಲ್ಲ ನಾನು ಕಣ್ಣಾರೆ ಕಂಡದ್ದು. ಚಿಕ್ಕಣ್ಣನ ಮೀಸೆಯ ತುದಿಗೆ ನಿಂಬೆಹಣ್ಣು ನಿಲ್ಲಿಸಬಹುದಿತ್ತು. ಆ ಮೀಸೆಯ ಕೆಳಗಿನಿಂದ ರಂಗಜ್ಜಿಯ ನಡುಗುವ ದನಿ. ರಂಗಜ್ಜಿಗೂ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ, ದಿನಾ ಬಂದು ಎದುರಿಗೇ ಕೂತು, “ನನ್ ಗಂಟ್ಲಲ್ಲಿ ಕೆಟ್ ಮಾತೆಲ್ಲ ಆಡ್ಬ್ಯಾಡ ಕಣ್ಲಾ” ಅಂತ ರೇಗುವಳು. ಅವನು ಅದೇ ದನಿಯಲ್ಲಿ ತಿರುಗಿಸಿ ರೇಗುವನು. ಒಮ್ಮೆ ಹೊರಗಡೆ ಚಿಕ್ಕಣ್ಣನ ಹತ್ತಿರ ದಾರಿ ಕೇಳಿಕೊಂಡು ಒಳಗೆ ಬಂದ ಪಾತ್ರೆ ಮಾರುವವನೊಬ್ಬ, ಪೈಲ್ವಾನನ ಬಾಯಿಂದ ಮುದುಕಿಯ ಮಾತು ಕೇಳಿ ಅವನ ಬೆನ್ನ ಹಿಂದೆ ಯಾರೋ ಅಜ್ಜಿ ಅಡಗಿದ್ದಾಳೆಂದು ಬಗ್ಗಿ ಬಗ್ಗಿ ನೋಡಿದ. ನಾನು ನಕ್ಕ ನಗೆಗೆ ಬಾಣಲೆಯ ಎಣ್ಣೆಯೆಲ್ಲ ಒಲೆಗೆ ಚೆಲ್ಲಿತು.

ಇಂಥ ಊರಿನಲ್ಲಿ ಅಂಗಡಿಗೆ ಯಜಮಾನನನ್ನು ಹುಡುಕುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ. ನಾವು ಅದನ್ನು ದನಿ ನೋಡುವುದು ಅನ್ನುತ್ತೇವೆ. ಮಣೆ ಬೇಕು ಅನ್ನುವವನನ್ನು ಕೆರೆಯ ಆಚೆ ದಡಕ್ಕೆ ಕಳಿಸಿ, ಊರಿನವರು ಈಚೆ ಏರಿಯ ಮೇಲೆ ಕೂರುತ್ತಾರೆ. ಅವನು ಅಲ್ಲಿ ನಿಂತು ಊರಿನವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೂಗಬೇಕು. ಅಳತೆ ಸರಿಯಿದೆಯಾ, ಹೆಂಡಕ್ಕೆ ನೀರು ಬೆರೆಸುತ್ತಾನಾ ಅನ್ನುವುದೆಲ್ಲ ಆಮೇಲಿನ ಮಾತು. ಅವನು ಕೂತಷ್ಟು ವರ್ಷ ನಾವು ಕೇಳುವುದು ಹಿಂದಿನವನ ದನಿಯೇ ಆದರೂ, ಅವನು ಎದ್ದ ಮೇಲೆ ಅವನ ದನಿ ನಮ್ಮ ಕಿವಿಗೆ ಬೀಳುವುದು ತಪ್ಪುವುದಿಲ್ಲವಲ್ಲ.

ಚಿಕ್ಕಣ್ಣನ ನಂತರ ದನಿ ನೋಡಿದ್ದು ಮುದ್ದಯ್ಯನದು. ಅಂಥ ದನಿಯನ್ನು ನಾನು ಮತ್ತೆ ಕೇಳಿಲ್ಲ. ಅವನು ಆಚೆ ದಡದಿಂದ ಕೂಗಿದರೆ ಕೂಗಿದ ಹಾಗೇ ಇರಲಿಲ್ಲ, ಪಕ್ಕದಲ್ಲಿ ಕೂತು ಊಟಕ್ಕೆ ಎಬ್ಬಿಸಿದ ಹಾಗಿತ್ತು. ಹಿರಿಯ ಕೆಂಚೇಗೌಡರು, ಊರಿನ ನ್ಯಾಯ ಪಂಚಾಯಿತಿಯೆಲ್ಲ ಅವರದೇ, ತಮ್ಮ ಹೆಸರು ಬಂದಾಗ ಇನ್ನೊಂದು ಸಲ ಕೂಗಲಿ ಅಂತ ಬೇಕೆಂದೇ ಸುಮ್ಮನಿದ್ದರು. ಮುದ್ದಯ್ಯ ಮಣೆಯ ಮೇಲೆ ಕೂತ. ಒಳಗೆ ಚಿಕ್ಕಣ್ಣನ ದಪ್ಪ ದನಿಯಲ್ಲಿ ಮಾತಾಡಿದ, ಮನೆಯಲ್ಲಿ ತನ್ನ ದನಿಯಲ್ಲಿ ಹೆಂಡತಿ ದೇವೀರಮ್ಮನ ಜೊತೆ ಮಾತಾಡಿದ. ಅವರಿಗೆ ಮಕ್ಕಳಿರಲಿಲ್ಲ. ಅವನ ಜಗಲಿಯ ಮುಂದೆ ಹಾದು ಹೋಗುವಾಗ ಗಂಡಹೆಂಡಿರ ಮಾತು ಕೇಳಿಸಿದರೆ ನಾವೆಲ್ಲ ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು, ಬಿಡಲಿಲ್ಲ.

ಅವನು ಹೋದ ಮೇಲೆ ಮಣೆಗೆ ಸಿಕ್ಕಿದವನು ಹೊಂಬಾಳಯ್ಯ. ಹೊಳೆಯಾಚೆಯವನು, ನಮ್ಮ ಮರಗಳಲ್ಲಿ ಹೆಂಡ ಇಳಿಸಲು ಬಂದು ಇಲ್ಲೇ ಉಳಿದುಕೊಂಡವನು. ಒಂಟಿ ಆಳು. ಅಳತೆಯಲ್ಲಿ ಒಂದು ಹನಿ ಮೋಸವಿಲ್ಲ. ಆದರೆ ಅವನು ಆಚೆ ದಡದಿಂದ ಕೂಗಿದಾಗ ಏರಿಯ ಮೇಲಿನ ಮೇಕೆಗಳು ಮೇಯುವುದು ಬಿಟ್ಟು ತಲೆ ಎತ್ತಿದವು. ಎಣ್ಣೆ ಕಾಣದ ಬಾವಿ ರಾಟೆ ತಿರುಗುತ್ತದಲ್ಲ, ಅದೇ ದನಿ. ಊರಿನವರು ಮುಖ ಮುಖ ನೋಡಿಕೊಂಡರು. ಕೆಂಚೇಗೌಡರು ಗಡ್ಡ ಕೆರೆದುಕೊಂಡು ಹೇಳಿದರು: “ಇವ್ನಿನ್ನೂ ಗಟ್ಟಿಮುಟ್ಟಾಗವ್ನೆ. ಇವ್ನ್ ದನಿ ಬರೋ ಹೊತ್ಗೆ ನಾವಿರಕ್ಕಿಲ್ಲ. ಅಲ್ಲಿಗಂಟ ಮುದ್ದಯ್ಯನ್ ದನಿ ಕೇಳ್ಕೊಂಡಿರಾನ. ಇವನ್ನ ಕೇಳೋ ಗಾಚಾರ ನಮ್ ಮಕ್ಳದು.” ಮಕ್ಕಳ ಮೇಲೆ ಹೊರೆ ಹಾಕುವ ವಿಷಯದಲ್ಲಿ ನಮ್ಮೂರಿನವರು ಬೇಗ ಒಮ್ಮತಕ್ಕೆ ಬರುತ್ತಾರೆ. ಹೊಂಬಾಳಯ್ಯ ಯಜಮಾನನಾದ.

ಅವನು ಮೊದಲು ಬಾಯಿ ತೆರೆದ ದಿನ ಊರೆಲ್ಲ ಅಂಗಡಿಯಲ್ಲಿತ್ತು. ದೇವೀರಮ್ಮ ಬರುವುದಿಲ್ಲ ಅಂದಿದ್ದಳು. “ಯಾರ್ಗೆ ಮೊದ್ಲು ಕೊಡ್ಲಿ?” ಅಂತ ಮುದ್ದಯ್ಯನ ದನಿ ಕೇಳಿದಾಗ ನನ್ನ ಬಲಗಡೆ ಯಾರೋ ಬಂದು ನಿಂತ ಹಾಗಾಯಿತು. ತಿರುಗಿದರೆ ಅವಳು, ಸೊಂಟದಲ್ಲಿ ಖಾಲಿ ಕೊಡ. ಕೊಡವನ್ನು ನನ್ನ ಒಲೆಯ ಪಕ್ಕ ಇಳಿಸಿ, ಒಳಗೆ ಹೋಗಿ, ಹೊಸ್ತಿಲ ಹತ್ತಿರದ ಹಲಗೆಯ ಮೇಲೆ ಕೂತಳು. ಅಳಲಿಲ್ಲ. “ನಂಗೆ ಕೊಡಿ,” ಅಂದಳು. ಅಲ್ಲಿಯವರೆಗೆ ಒಂದು ಹನಿ ಹೆಂಡ ಮುಟ್ಟಿದವಳಲ್ಲ.

ಅಂದಿನಿಂದ ದಿನಾ ಹೊತ್ತು ಇಳಿಯುವಾಗ ಬರುವಳು. ಒಂದು ಸಣ್ಣ ಲೋಟ ಸಿಹಿ ಹೆಂಡ ತೆಗೆದುಕೊಳ್ಳುವಳು, ಅದನ್ನು ಗುಬ್ಬಿ ಕುಡಿದ ಹಾಗೆ ಕುಡಿಯುವಳು, ಮತ್ತೆ ಏನಾದರೊಂದು ಕೇಳುವಳು. ಇವತ್ತು ಗಾಳಿ ಯಾವ ಕಡೆಯದು, ಹಳ್ಳದಲ್ಲಿ ನೀರಿದೆಯಾ, ಯಾವ ಮರ ಚೆನ್ನಾಗಿ ಇಳಿಯುತ್ತಿದೆ. ಅವಳಿಗೆ ಗಾಳಿಯೂ ಬೇಕಿರಲಿಲ್ಲ, ಮರವೂ ಬೇಕಿರಲಿಲ್ಲ, ಉತ್ತರ ಉದ್ದ ಇದ್ದರೆ ಸಾಕಿತ್ತು. ಕಣ್ಣು ಮುಚ್ಚಿಕೊಂಡು ಕೇಳುವಳು. ಹೊಂಬಾಳಯ್ಯ ಮೊದಮೊದಲು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಅವಳು ಯಾಕೆ ಬರುತ್ತಾಳೆ ಅನ್ನುವುದು ಅರ್ಥವಾದ ಮೇಲೆ ಮಾತು ಕೂಡಿಸಲು ಕಲಿತ. ಬೆಳಿಗ್ಗೆ ಮರ ಹತ್ತುವವರ ಜೊತೆ ತೋಪಿಗೆ ಹೋಗಿ ಅವಳಿಗೆ ಹೇಳಲು ಏನೇನಿದೆ ಅಂತ ನೋಡಿಕೊಂಡು ಬರುವನು. ಹಳ್ಳದ ಪಕ್ಕದ ಜೋಡಿ ಮರದಲ್ಲಿ ಗೀಜಗ ಗೂಡು ಹೆಣೆಯಲು ಶುರು ಮಾಡಿದ್ದು, ಅರ್ಧ ಹೆಣೆದ ಮೇಲೆ ಹೆಣ್ಣುಹಕ್ಕಿ ಬಂದು ನೋಡಿ ಒಲ್ಲೆ ಅಂತ ಹೋದದ್ದು, ಪಾಪದ ಗಂಡು ಮತ್ತೆ ಪಕ್ಕದ ಗರಿಯಲ್ಲಿ ಹೊಸದು ಶುರು ಮಾಡಿದ್ದು. ಗಿರಾಕಿಗಳೂ ಲೋಟ ಹಿಡಿದುಕೊಂಡು ಗೀಜಗದ ಸಂಸಾರದ ಬಗ್ಗೆ ಚಿಂತೆ ಮಾಡಲು ಶುರು ಮಾಡಿದರು.

ಎಷ್ಟೋ ವರ್ಷ ಹೀಗೇ ನಡೆಯಿತು. ಎದುರಿಗೆ ಕಣ್ಣು ಮುಚ್ಚಿಕೊಂಡು ಕೂತವಳನ್ನು ನೋಡಿ ನೋಡಿ ಹೊಂಬಾಳಯ್ಯನಿಗೆ ಆಗಬಾರದ್ದು ಆಗಿಹೋಯಿತು. ಅವನು ನನಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವಳು ಬರುವ ಹೊತ್ತಿಗೆ ಮುಂಚೆ ಆ ಹಲಗೆಯನ್ನು ಟವೆಲಿನಿಂದ ಒರೆಸುವವನನ್ನು ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಆದರೆ ಹೊರಗಡೆ ಅವಳ ಎದುರು ಅವನು ಮೂಗ. ಅದಕ್ಕೆ ಕಾರಣವಿತ್ತು. ಮೊದಲ ವರ್ಷದಲ್ಲೇ ಒಂದು ದಿನ ಅವಳು ಚೆಂಬು ಮರೆತು ಹೊರಟಿದ್ದಳು. ಇವನು ಎತ್ತಿಕೊಂಡು ಹೊಸ್ತಿಲು ದಾಟಿ ಓಡಿ, “ದೇವೀರಮ್ಮೋರೆ, ಚೆಂಬು” ಅಂದ. ರಾಟೆ ಕಿರ್ರ್ ಅಂದ ಹಾಗೆ ಬಂತು ದನಿ. ತಿರುಗಿದ ಅವಳ ಮುಖ, ಕೈಯಲ್ಲಿದ್ದ ತುತ್ತು ನೆಲಕ್ಕೆ ಬಿದ್ದವರ ಮುಖದ ಹಾಗಾಯಿತು. ಒಂದು ಗಳಿಗೆ ಅಷ್ಟೇ, ಆಮೇಲೆ ಅವಳು ಸರಿಯಾಗಿ, ಮರ್ಯಾದೆಯಿಂದ ಚೆಂಬು ತೆಗೆದುಕೊಂಡಳು. ಅವನು ನೋಡಿದ್ದು ಆ ಒಂದು ಗಳಿಗೆಯನ್ನು. ಮತ್ತೆ ಹೊರಗಡೆ ಅವಳೆದುರು ಬಾಯಿ ತೆರೆಯಲಿಲ್ಲ, ದಾರಿಯಲ್ಲಿ ಸಿಕ್ಕರೆ ತಲೆಯಾಡಿಸಿ ಹೋಗುವನು.

ಒಂದು ಮಧ್ಯಾಹ್ನ ನನ್ನ ಒಲೆಯ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತ. “ತಾಯಕ್ಕ, ಒಂದ್ ಮಾತ ಕೇಳನ ಅಂತಿದ್ದೀನಿ,” ಅಂದ.

“ನನ್ನನ್ನಾ, ಅವಳನ್ನಾ?” ಅಂದೆ.

ಅವನ ಕಿವಿ ಕೆಂಪಾಯಿತು. “ಒಳಗ್ ಕೇಳ್ಲಾ, ಹೊರಗ್ ಕೇಳ್ಲಾ?”

“ಹೊರಗೇ ಕೇಳಯ್ಯ. ಕೇಳೋನು ನೀನು ತಾನೆ? ನಿನ್ ದನೀಲಿ ಕೇಳು.”

“ನನ್ ದನೀಗೆ ಯಾರಕ್ಕ ಒಪ್ತಾರೆ?” ಅಂದವನು ಎದ್ದು ಒಳಗೆ ಹೋದ. ಬುದ್ಧಿ ಹೇಳಿಸಿಕೊಳ್ಳಲು ಬರುವವರು ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ ಅನ್ನುವುದು ನನಗೆ ಗೊತ್ತಿದ್ದದ್ದೇ.

ಆವತ್ತು ಪಕ್ಕದೂರಿನ ಸಂತೆ, ಅಂಗಡಿ ಖಾಲಿ. ದೇವೀರಮ್ಮ ಬಂದು ಕೂತು ಗೀಜಗದ ಸುದ್ದಿ ಕೇಳಿದಳು. ಈ ವರ್ಷದ ಗೂಡು ಮುಗಿಯಿತು, ಹೆಣ್ಣೂ ಒಪ್ಪಿದೆ, ಇಬ್ಬರೂ ಒಳಗೆ ಹೊರಗೆ ಓಡಾಡುತ್ತಿದ್ದಾರೆ ಅಂತ ಅವನು ಹೇಳಿದ. ಅವಳು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಅದೇ ಓಟದಲ್ಲಿ, ಉಸಿರು ತೆಗೆದುಕೊಳ್ಳದೆ, “ದೇವೀರಮ್ಮೋರೆ, ನನ್ ಜೊತೆ ಬಾಳಾಟ ಮಾಡ್ತೀರಾ?” ಅಂದ.

ಮುದ್ದಯ್ಯನ ದನಿಯಲ್ಲಿ ಆ ಮಾತು ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ನನ್ನ ಕೈಯ ಸೌಟು ನಿಂತುಹೋಯಿತು. ದೇವೀರಮ್ಮ ಕಣ್ಣು ತೆರೆಯಲಿಲ್ಲ. ನಗು ಇನ್ನಷ್ಟು ಅಗಲವಾಯಿತು. “ಮಾಡಿದ್ದಾಯ್ತಲ್ಲ,” ಅಂದಳು, ಮನೆಯ ಒಳಗೆ ಮಾತಾಡುವ ಹಾಗೆ. “ಎಷ್ಟ್ ಚೆನ್ನಾಗ್ ಮಾಡುದ್ವಿ. ಮರ್ತೋಯ್ತಾ ನಿಮ್ಗೆ?”

ಆಮೇಲೆ ಕಣ್ಣು ತೆರೆದಳು. ಎದುರಿಗೆ ಹೊಂಬಾಳಯ್ಯನ ಮುಖವಿತ್ತು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಲೋಟದಲ್ಲಿ ಅರ್ಧ ಹೆಂಡ ಉಳಿದಿತ್ತು, ಅದನ್ನು ಬಿಟ್ಟು ಎದ್ದು ನನ್ನ ಪಕ್ಕದಿಂದಲೇ ಹಾದು ಹೋದಳು. ಹೊಂಬಾಳಯ್ಯ ಮಣೆಯ ಮೇಲೆ ಕೂತೇ ಇದ್ದ. ನನಗೆ ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಕನಿಕರ ಬಂತು. ಬೇರೆ ಊರಿನಲ್ಲಿ ಗಂಡಸರು ಒಪ್ಪಿಗೆ ಸಿಗದೆ ಹಿಂದಿರುಗುತ್ತಾರೆ, ಇವನಿಗೆ ಒಪ್ಪಿಗೆ ಸಿಕ್ಕಿಯೂ ಅದು ಇನ್ನೊಬ್ಬನ ಪಾಲಾಗಿತ್ತು.

ಮಾರನೆಯ ದಿನದಿಂದ ಅವನು ಅಂಗಡಿಯೊಳಗೂ ಮಾತು ಬಿಟ್ಟ. ಅಳೆಯುವನು, ಕೊಡುವನು, ತಲೆಯಾಡಿಸುವನು. ಗಿರಾಕಿಗಳಿಗೆ ಹೆಂಡದ ರುಚಿಯೇ ಹೋಯಿತು. “ಮುದ್ದಯ್ಯ ಎರಡ್ನೇ ಸಲ ಸತ್ತಂಗಾಯ್ತಲ್ಲೋ,” ಅಂತ ಕೆಂಚೇಗೌಡರು ಕಣ್ಣಲ್ಲಿ ನೀರು ಹಾಕಿಕೊಂಡರು. ಕೆಲವು ದಿನ ಕಳೆದು ದೇವೀರಮ್ಮ ಬಂದಳು, ಹಲಗೆಯ ತುದಿಯಲ್ಲಿ ಕೂತು, “ಗೀಜಗ ಮೊಟ್ಟೆ ಇಟ್ಟೈತಾ?” ಅಂತ ಕೇಳಿದಳು. ಅವನು ಹೌದು ಅಂತ ತಲೆಯಾಡಿಸಿದ. ಅಷ್ಟೇ. ಆವತ್ತು ಅವಳು ಕಣ್ಣು ಮುಚ್ಚಲಿಲ್ಲ, ಮುಚ್ಚಿಕೊಂಡು ಕೇಳುವಂಥದ್ದು ಏನೂ ಇರಲಿಲ್ಲ.

ಆ ವಾರವೇ ಅವನು ಕೆಂಚೇಗೌಡರನ್ನು ನನ್ನ ಒಲೆಯ ಹತ್ತಿರ ನಿಲ್ಲಿಸಿಕೊಂಡು ತನ್ನ ರಾಟೆ ದನಿಯಲ್ಲಿ ಹೇಳಿದ: “ಗೌಡ್ರೆ, ನಾನು ಮಣೆ ಬುಡ್ತೀನಿ. ಬರೋ ಅಮಾಸೆಗೆ ದನಿ ನೋಡಿ, ಬ್ಯಾರೆಯವ್ರನ್ನ ಕೂರುಸ್ಕಳಿ. ನಾನು ನಮ್ಮಕ್ಕನ ಊರ್ಗೆ ಹೋಯ್ತೀನಿ.”

ಊರು ತಲೆಕೆಳಗಾಯಿತು. ಅವನು ಎದ್ದರೆ ಮುದ್ದಯ್ಯನ ದನಿ ಇನ್ನೆಂದೂ ಕೇಳದ ಹಾಗೆ ಹೋಗುತ್ತದೆ, ಅದು ಒಂದು ದುಃಖ. ಅದರ ಜಾಗಕ್ಕೆ ಬರುವುದು ಹೊಂಬಾಳಯ್ಯನ ದನಿ, ಇದು ಅದಕ್ಕಿಂತ ದೊಡ್ಡದು. “ನಮ್ ಕಾಲಕ್ಕೇ ಬಂದ್ಬುಡ್ತಲ್ಲಯ್ಯ ನಿನ್ ದನಿ,” ಅಂತ ಕೆಂಚೇಗೌಡರು ಗೋಗರೆದರು. ಒಬ್ಬೊಬ್ಬರಾಗಿ ಬಂದು ಬೇಡಿಕೊಂಡರು, ಗದರಿಸಿದರು, ಮುನಿಸಿಕೊಂಡರು. ಅವನು ಎಲ್ಲರಿಗೂ ಒಂದೇ ಸಲ ಇಲ್ಲ ಅಂತ ತಲೆಯಾಡಿಸಿದ.

ಕೊನೆಗೆ ದೇವೀರಮ್ಮ ಬಂದಳು. ಒಳಗೆ ಹೋಗಲಿಲ್ಲ. ನನ್ನ ಒಲೆಯ ಪಕ್ಕ, ಬೀದಿಯಲ್ಲಿ ನಿಂತು, “ಹೊಂಬಾಳಯ್ಯನೋರೆ, ಹೊರಗ್ ಬನ್ನಿ,” ಅಂದಳು. ಇಷ್ಟು ವರ್ಷದಲ್ಲಿ ಅವಳು ಅವನನ್ನು ಹೊರಗೆ ಕರೆದದ್ದು ಅದೇ ಮೊದಲು. ಅವನು ಹೊಸ್ತಿಲು ದಾಟಿ ಬಂದು ತಲೆ ತಗ್ಗಿಸಿ ನಿಂತ. ನಾನು ಬಾಣಲೆಯಲ್ಲಿ ಕಣ್ಣಿಟ್ಟೆ, ಎರಡು ಕಿವಿಯೂ ಬಲಗಡೆಗೇ ಇದ್ದವು.

“ಹೋಯ್ತೀರಂತೆ,” ಅಂದಳು.

“ನೀವು ಬ್ಯಾಡ ಅಂದ್ರೆ ಹೋಗಲ್ಲ,” ಅಂದ. ದನಿ ಕಿರ್ರ್ ಅಂದಿತು. ಅವನೇ ಒಮ್ಮೆ ಬೆಚ್ಚಿ, ಮತ್ತೆ ಮುಂದುವರಿಸಿದ. “ಸಾಯೋಗಂಟ ಆ ಮಣೆ ಮ್ಯಾಲೇ ಕೂತಿರ್ತೀನಿ. ಮೊದ್ಲಿನಂಗೇ ದಿನಾ ಮಾತಾಡ್ತೀನಿ. ನಿಮ್ ಯಜಮಾನ್ರ ದನಿ ನಿಮ್ಗೆ ತಪ್ಸಲ್ಲ. ಆದ್ರೆ ಆ ದನೀಲಿ ನನ್ ಮಾತ ಹೇಳಕ್ಕೆ ಆಗಲ್ಲ. ಹೇಳುದ್ರೆ ಅವ್ರ್ ಮಾತಾಗೋಯ್ತದೆ. ಅವತ್ತು ಹಂಗೇ ಆಯ್ತು. ಅದು ನಿಮ್ಗೂ ಮೋಸ, ಅವ್ರ್ಗೂ ಮೋಸ. ತಪ್ಪಾಯ್ತು. ಮನ್ಸಲ್ಲಿರೋದ್ನ ಇಟ್ಕೊಂಡು ಅಲ್ಲಿ ಕೂತ್ಕಳದು ಕಷ್ಟ ಆಯ್ತದೆ, ಅದಕ್ಕೇ ಹೋಗಾನ ಅಂದೆ. ನೀವ್ ಹೇಳುದಂಗೆ.”

ಅವನು ಒಟ್ಟಿಗೆ ಅಷ್ಟು ಮಾತನ್ನು ತನ್ನ ದನಿಯಲ್ಲಿ ಆಡಿದ್ದನ್ನು ನಾನೂ ಕೇಳಿರಲಿಲ್ಲ. ದೇವೀರಮ್ಮ ನನ್ನ ಬಾಣಲೆಯತ್ತ ನೋಡಿದಳು. “ಸೀಗಡಿ ಸೀದೋಗ್ತೈತೆ ತಾಯಕ್ಕ,” ಅಂತ ಹೇಳಿ ಹೊರಟುಹೋದಳು. ನಿಜಕ್ಕೂ ಸೀದುಹೋಗಿತ್ತು.

ಅಮಾವಾಸ್ಯೆಯ ದಿನ ಹೊತ್ತು ನೆತ್ತಿಗೆ ಬರುವ ಮೊದಲೇ ಊರು ಏರಿಯ ಮೇಲೆ ಸೇರಿತು. ನಾನೂ ಒಲೆ ಆರಿಸಿ ಹೋದೆ. ಆಚೆ ದಡದಲ್ಲಿ ಒಬ್ಬನೂ ಇಲ್ಲ. ಮಣೆಯ ಮೇಲೆ ಕೂತರೆ ಜೀವಮಾನವೆಲ್ಲ ರಾಟೆ ದನಿಯಲ್ಲಿ ಮಾತಾಡಬೇಕು ಅಂದರೆ ಯಾರು ಹೋಗುತ್ತಾರೆ? ಕೆಂಚೇಗೌಡರ ಇಬ್ಬರು ಮಕ್ಕಳೂ ಆ ಮಣೆಯ ಕನಸು ಕಂಡವರೇ, ಆವತ್ತು ಇಬ್ಬರಿಗೂ ಹೊಟ್ಟೆನೋವು. ಹೊಂಬಾಳಯ್ಯ ಒಂದು ಕಡೆ ಒಂಟಿಯಾಗಿ ಕೂತು ಹುಲ್ಲುಕಡ್ಡಿ ಮುರಿಯುತ್ತಿದ್ದ. ಯಾರೂ ಬೇಡವೆಂದದ್ದು ಅಂಗಡಿಯನ್ನಲ್ಲ, ತನ್ನ ಗಂಟಲನ್ನು ಅನ್ನುವುದು ಅವನಿಗೂ ಗೊತ್ತಿತ್ತು.

ಆಗ ಆಚೆ ದಡದಿಂದ ಕೂಗು ಬಂತು. “ಕೆಂಚೇಗೌಡ್ರೇ.”

ಹೆಣ್ಣುದನಿ. ಗೌಡರು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನೋಡಿದರು. ದೇವೀರಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಒಬ್ಬೊಬ್ಬರನ್ನಾಗಿ ಕರೆದಳು. ನನ್ನನ್ನು ಕರೆದಳು, ನಾನು ಓಗೊಟ್ಟೆ. ಸಣ್ಣ ದನಿ, ಆದರೆ ಒಡಕಿಲ್ಲದ್ದು, ನೀರಿನ ಮೇಲೆ ನೆಟ್ಟಗೆ ಬರುತ್ತಿತ್ತು. ಎಲ್ಲರ ಹೆಸರು ಮುಗಿದ ಮೇಲೆ, “ಹೊಂಬಾಳಯ್ಯನೋರೇ,” ಅಂತ ಕೂಗಿದಳು.

ಅವನು ಕೈಯ ಹುಲ್ಲುಕಡ್ಡಿ ಬಿಟ್ಟು ಎದ್ದು ನಿಂತ. ಓಗೊಡು ಅಂತ ಊರಿನವರು ಕೈಬೀಸಿದರು. ಕೊನೆಗೆ “ಓ” ಅಂದ. ಏರಿಯ ಮೇಲಿನ ಮೇಕೆಗಳು ಮತ್ತೆ ತಲೆ ಎತ್ತಿದವು.

ಅವಳು ಈ ದಡಕ್ಕೆ ಬಂದಾಗ ಕೆಂಚೇಗೌಡರು, “ಅಲ್ಲ ಕಣವ್ವ, ನೀನು ಕೂತ್ರೆ ಮುದ್ದಯ್ಯನ್ ದನಿ ಹೋಯ್ತದಲ್ಲ, ನಿಂಗೇ ಅದು ಬ್ಯಾಡ್ವಾ?” ಅಂದರು.

“ಬೇಕು ಗೌಡ್ರೆ. ಸಾಯೋಗಂಟ ಬೇಕು,” ಅಂದಳು ದೇವೀರಮ್ಮ. “ಆದ್ರೆ ಇವ್ರು ಅದನ್ನ ಇಷ್ಟು ವರ್ಷ ಒಂದ್ ತೊಟ್ಟೂ ಚೆಲ್ಲದಂಗೆ ನಂಗೋಸ್ಕರ ಹೊತ್ರು. ತಮ್ದನ್ನ ಬಾಯ್ಬುಟ್ಟು ಆಡ್ದೇನೇ ಹೊತ್ರು. ಇವ್ರ್ ದನೀನ ಹೊರೋಕೆ ಊರಲ್ಲಿ ಒಬ್ರೂ ಬರ್ಲಿಲ್ಲ. ನಾನು ಹೊರ್ತೀನಿ.”

ಅಂಗಡಿಗೆ ಎಲ್ಲರೂ ಬಂದೆವು. ಹಳೆಯ ಯಜಮಾನ ಮಣೆಯಿಂದ ಎದ್ದು ಅಳತೆಯ ಮೊಗೆ ಕೊಡಬೇಕು, ಹೊಸಬರು ಕೂತು ಒಂದು ಮೊಗೆ ಹೆಂಡ ನೆಲಕ್ಕೆ ಹಾಕಿ ಮಾತಾಡಬೇಕು, ಅದು ಪದ್ಧತಿ. ಹೊಂಬಾಳಯ್ಯ ಏಳುವ ಮೊದಲು ದೇವೀರಮ್ಮ ಅವನೆದುರು ನಿಂತಳು. ಅವಳ ಕೈಯಲ್ಲಿ ಹಿಂದೊಮ್ಮೆ ಮರೆತು ಹೋಗಿದ್ದ ಆ ಚೆಂಬಿತ್ತು, ತುಂಬ ನೀರು. “ಒಂದ್ ಮಾತು ಆಡ್ಬೇಕು ನೀವು,” ಅಂದಳು. “ಅವ್ರು ಮನೇಗ್ ಬಂದಾಗ ಹಟ್ಟಿ ಬಾಗ್ಲಲ್ಲಿ ನಿಂತು ಆಡ್ತಿದ್ ಮಾತು. ‘ದೇವೀ, ಕಾಲ್ಗೆ ನೀರ್ ಕೊಡು’ ಅಂತ. ಅಷ್ಟೇ.”

ಅಷ್ಟು ವರ್ಷ ಗಾಳಿ ಕೇಳಿದ್ದಳು, ಹಳ್ಳ ಕೇಳಿದ್ದಳು, ಹಕ್ಕಿ ಕೇಳಿದ್ದಳು, ಆ ಮಾತನ್ನು ಒಂದು ಸಲವೂ ಕೇಳಿರಲಿಲ್ಲ. ಕೇಳಿದರೆ ಖರ್ಚಾಗಿಬಿಡುತ್ತದೆ ಅನ್ನುವ ಹಾಗೆ ಇಟ್ಟುಕೊಂಡಿದ್ದಳು. ಹೊಂಬಾಳಯ್ಯ ಗಂಟಲು ಸರಿಮಾಡಿಕೊಂಡ. ಆಮೇಲೆ, ಹೊಲದಿಂದ ದಣಿದು ಬಂದವರು ಹೇಳುವ ಹಾಗೆ, ಏನೂ ವಿಶೇಷವಿಲ್ಲದ ಹಾಗೆ, “ದೇವೀ, ಕಾಲ್ಗೆ ನೀರ್ ಕೊಡು,” ಅಂದ. ಮುದ್ದಯ್ಯ ಮನೆಗೆ ಬಂದಿದ್ದ. ಅವಳು ಈ ಸಲವೂ ಕಣ್ಣು ಮುಚ್ಚಿಕೊಂಡೇ ಕೇಳಿದಳು. “ತಗಳ್ಳಿ,” ಅಂತ ಚೆಂಬು ಚಾಚಿದಳು. ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನಂತೂ ಅತ್ತುಬಿಟ್ಟೆ, ಮುಚ್ಚಿಡುವುದೇನು.

ಹೊಂಬಾಳಯ್ಯನಿಗೆ ಚೆಂಬು ಹಿಡಿದು ಏನು ಮಾಡಬೇಕೋ ತಿಳಿಯಲಿಲ್ಲ. ಮಣೆಯಿಂದ ಎದ್ದು, ಅಲ್ಲೇ ಬಗ್ಗಿ ತನ್ನ ಕಾಲು ತೊಳೆದುಕೊಂಡ. ಮೊಗೆಯನ್ನು ಅವಳ ಕೈಗೆ ಕೊಟ್ಟು, ಒದ್ದೆ ಕಾಲಿನಲ್ಲಿ ಹೊಸ್ತಿಲು ದಾಟಿ ನನ್ನ ಪಕ್ಕ ಬಂದು ನಿಂತ.

ದೇವೀರಮ್ಮ ಮಣೆಯ ಮೇಲೆ ಕೂತಳು. ನೆಲಕ್ಕೆ ಒಂದು ಮೊಗೆ ಹಾಕಿದಳು. ಕೆಂಚೇಗೌಡರ ಎರಡು ಕೈಯೂ ಕಿವಿಯ ಹತ್ತಿರ ಸಿದ್ಧವಾಗಿದ್ದವು. ಅವಳು ಬೀದಿಯ ಕಡೆ ನೋಡಿ, “ಒಳೀಕ್ ಬನ್ನಿ ಹೊಂಬಾಳಯ್ಯನೋರೆ, ಮೊದ್ಲು ನಿಮ್ಗೇ ಕೊಡ್ಬೇಕು,” ಅಂದಳು. ತುಕ್ಕು ಹಿಡಿದ ರಾಟೆ, ತುಂಬಿದ ಕೊಡವನ್ನು ಮೇಲೆ ಎಳೆದ ಹಾಗೆ.

ಹೊಂಬಾಳಯ್ಯ ಬೆಪ್ಪಾಗಿ ನನ್ನ ಕಡೆ ತಿರುಗಿದ. “ತಾಯಕ್ಕ, ನನ್ ದನಿ ಇಷ್ಟು ಕೆಟ್ದಾಗೈತಾ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅದೇ ದನಿ ಬಂತು. “ಅಭ್ಯಾಸ ಆಯ್ತದೆ, ಬನ್ನಿ.”

ಆ ನಗು ಎಲ್ಲಿ ಶುರುವಾಯಿತೋ ಗೊತ್ತಿಲ್ಲ, ಕೆಂಚೇಗೌಡರವರೆಗೂ ಹೋಯಿತು. ಆವತ್ತು ಹೊತ್ತು ಇಳಿಯುವವರೆಗೆ ಅವಳು ಗಿರಾಕಿಗಳಿಗೆ ಏನೇನು ಹೇಳಿದಳೋ ಅದೆಲ್ಲವೂ ಕಿರ್ರ್ ಕಿರ್ರ್ ಅಂತಲೇ ಬಂತು. ಮೊದಲ ಸುತ್ತಿನಲ್ಲಿ ಎಲ್ಲರೂ ಹಲ್ಲು ಕಚ್ಚಿಕೊಂಡರು, ಮೂರನೆಯ ಸುತ್ತಿಗೆ ಯಾರಿಗೂ ಅದರ ಪರಿವೆಯೇ ಇರಲಿಲ್ಲ. ಮುದ್ದಯ್ಯನ ದನಿ ಹೋಯಿತಲ್ಲ ಅನ್ನುವ ಸಂಕಟ ನನಗೆ ಈಗಲೂ ಇದೆ. ಅವಳಿಗೆ ಎಷ್ಟಿದೆಯೋ ನಾನು ಕೇಳಿಲ್ಲ.

ಗಿರಾಕಿಗಳು ಚದುರಿದ ಮೇಲೆ ಅವಳು ಗಡಿಗೆಗಳ ಮೇಲೆ ಬಟ್ಟೆ ಕಟ್ಟಿ ಹೊರಗೆ ಬಂದಳು. ಹೊಂಬಾಳಯ್ಯ ಇನ್ನೂ ನನ್ನ ಒಲೆಯ ಪಕ್ಕದಲ್ಲೇ ಇದ್ದ, ಅಕ್ಕನ ಊರಿನ ದಾರಿ ಹಿಡಿದಿರಲಿಲ್ಲ. ಹೊಸ್ತಿಲ ಹೊರಗೆ ಇಬ್ಬರೂ ಎದುರುಬದುರು ನಿಂತರು, ಅವರವರ ದನಿ ಅವರವರ ಹತ್ತಿರ. ಅವನು ನೆಲ ನೋಡುತ್ತಾ, ಅವತ್ತು ಕೇಳಿದ್ದ ಅದೇ ಮಾತನ್ನು ಹಾಗೆಯೇ ಕೇಳಿದ. “ದೇವೀರಮ್ಮೋರೆ, ನನ್ ಜೊತೆ ಬಾಳಾಟ ಮಾಡ್ತೀರಾ?”

ಅವಳು ಕಣ್ಣು ಮುಚ್ಚಲಿಲ್ಲ. ಅವನ ಮುಖವನ್ನೇ ನೋಡಿದಳು.

“ಈಗ ಕೇಳ್ತಿರೋದು ನೀವೇ ತಾನೆ?” ಅಂದಳು.

“ಹೂಂ, ನಾನೇ,” ಅಂದಿತು ರಾಟೆ.

“ಹಂಗಾದ್ರೆ ಆಗ್ಲಿ,” ಅಂದಳು ದೇವೀರಮ್ಮ. ಆವತ್ತಿನ ಸೀಗಡಿಯೂ ಸೀದುಹೋಯಿತು.